ಹಳೆಯ ಐಷಾರಾಮಿ ಕಾರು: ಕೊಳ್ಳುವ ಬೆಲೆ ಮತ್ತು ದುರಸ್ತಿಯ ಲೆಕ್ಕ

ಹೊಸದರಲ್ಲಿ 45 ಲಕ್ಷ ರೂಪಾಯಿ ಬೆಲೆಯಿದ್ದ ಕಾರು ಎಂಟು-ಹತ್ತು ವರ್ಷಗಳ ನಂತರ 12 ಲಕ್ಷಕ್ಕೆ ದೊರೆಯುತ್ತದೆಂದರೆ ವರ್ತಕನ ಮನಸ್ಸು ಅತ್ತ ವಾಲುವುದು ಸಹಜ. ಅಷ್ಟೇ ಹಣಕ್ಕೆ ಹೊಸದೊಂದು ಸಾಧಾರಣ ಕಾರು ಬರುತ್ತದೆ, ಆದರೆ ಆ ಗತ್ತು ಬರುವುದಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಗಳ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ಇಂತಹ ವ್ಯವಹಾರಕ್ಕೆ ಮುಂಗಡ ಕೊಡುವ ಮೊದಲು ಒಂದು ಅಂಶವನ್ನು ಗಮನಿಸುವುದು ಅಗತ್ಯ. ವರ್ಷಗಳು ಕಳೆದಂತೆ ಇಳಿಯುವುದು ಕಾರಿನ ಬೆಲೆ ಮಾತ್ರ. ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. 12 ಲಕ್ಷಕ್ಕೆ ಕೊಂಡವನೂ 45 ಲಕ್ಷದ ಕಾರಿನ ದುರಸ್ತಿ ಬಿಲ್ಲನ್ನೇ ಪಾವತಿಸಬೇಕಾಗುತ್ತದೆ.

ಸಾಮಾನ್ಯವಾಗಿ ಕಾಣುವ ದೋಷಗಳು

ದೊಡ್ಡ ಕಾರುಗಳಲ್ಲಿ ಹಲವಕ್ಕೆ ಉಕ್ಕಿನ ಸ್ಪ್ರಿಂಗ್‌ಗಳ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳ ಏರ್ ಸಸ್ಪೆನ್ಷನ್ ಇರುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಬಿರುಕು ಬಿಟ್ಟು ಗಾಳಿ ಸೋರತೊಡಗುತ್ತದೆ. ರಾತ್ರಿ ನಿಲ್ಲಿಸಿದ ಕಾರು ಬೆಳಗಾಗುವಷ್ಟರಲ್ಲಿ ಒಂದು ಮೂಲೆಗೆ ಕುಸಿದು ನಿಂತಿದ್ದರೆ ಅದೇ ಇದರ ಮೊದಲ ಸೂಚನೆ. ಚಾಲೂ ಮಾಡಿದೊಡನೆ ಕಾರು ಮೇಲೇಳುವುದರಿಂದ ಮಾಲೀಕರು ಇದನ್ನು ಕಡೆಗಣಿಸುತ್ತಾರೆ. ಸೋರಿದ ಗಾಳಿಯನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ಓಡಿ ಕೊನೆಗೆ ಸುಟ್ಟುಹೋಗುತ್ತದೆ. ಒಂದು ಚೀಲದ ಖರ್ಚಿನಲ್ಲಿ ಮುಗಿಯಬೇಕಾದದ್ದು ಎರಡು ಖರ್ಚುಗಳಾಗುವುದು ಹೀಗೆ. ಆದುದರಿಂದ ಕಾರನ್ನು ಪರೀಕ್ಷಿಸುವವರು ಹಿಂದಿನ ರಾತ್ರಿಯಿಂದ ಚಾಲೂ ಮಾಡದ ಕಾರನ್ನೇ ಬೆಳಿಗ್ಗೆ ನೋಡತಕ್ಕದ್ದು.

ಮಾದರಿಗೆ ತಕ್ಕಂತೆ ದೋಷಗಳೂ ಬೇರೆ. 2000ದ ದಶಕದ ಮೊದಲ ವರ್ಷಗಳ ಮರ್ಸಿಡಿಸ್ ಇ-ಕ್ಲಾಸ್‌ನಲ್ಲಿ ವಿದ್ಯುನ್ಮಾನ ನಿಯಂತ್ರಣದ ಬ್ರೇಕ್ ವ್ಯವಸ್ಥೆ ಇತ್ತು. ಕಂಪನಿಯೇ 2004 ಮತ್ತು 2005ರಲ್ಲಿ ಅಂತಹ ಕಾರುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಕರೆಸಿ ತಪಾಸಣೆ ಮಾಡಿತು. 2006ರ ಪರಿಷ್ಕೃತ ಮಾದರಿಯಲ್ಲಿ ಆ ವ್ಯವಸ್ಥೆಯನ್ನೇ ಕೈಬಿಟ್ಟಿತು. ಇದರ ಘಟಕವು ಬ್ರೇಕ್ ಒತ್ತಿದ ಸಂಖ್ಯೆಯನ್ನು ತಾನೇ ಎಣಿಸಿಕೊಂಡು, ಮಿತಿ ಮುಗಿದಾಗ ಬದಲಾವಣೆಯನ್ನು ಕೇಳುತ್ತದೆ. ಬಿಎಂಡಬ್ಲ್ಯು 2007ರಿಂದ ಬಳಸಿದ ಎನ್47 ಡೀಸೆಲ್ ಎಂಜಿನ್‌ನ ಆರಂಭದ ವರ್ಷಗಳ ಕಾರುಗಳಲ್ಲಿ ಟೈಮಿಂಗ್ ಚೈನ್ ಸವೆಯುವುದು ಪ್ರಸಿದ್ಧ ದೋಷ. ಚೈನ್ ಎಂಜಿನ್‌ನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕಡೆಗೆ ಇರುವುದರಿಂದ ಅದನ್ನು ತಲುಪಲು ಬಿಚ್ಚುವ ಕೆಲಸವೇ ಬಹಳ. ತಣ್ಣಗಿರುವ ಎಂಜಿನ್ ಚಾಲೂ ಮಾಡಿದಾಗ ಹಿಂಬದಿಯಿಂದ ಲೋಹ ಉಜ್ಜುವ ಸದ್ದು ಕೇಳಿದರೆ ಚೌಕಾಸಿಯನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ.

ಸ್ವಯಂಚಾಲಿತ ಗೇರ್‌ಬಾಕ್ಸ್‌ನ ಆಯಿಲ್ ‘ಜೀವನಪರ್ಯಂತ’ ಬಾಳುತ್ತದೆಂದು ಮಾರಾಟಗಾರರು ಹೇಳುವುದುಂಟು. ಆದರೆ ಅನೇಕ ಐಷಾರಾಮಿ ಕಾರುಗಳಿಗೆ ಗೇರ್‌ಬಾಕ್ಸ್ ಪೂರೈಸುವ ಜರ್ಮನಿಯ ಝಡ್‌ಎಫ್ ಸಂಸ್ಥೆಯೇ 80,000ದಿಂದ 1,20,000 ಕಿಲೋಮೀಟರ್‌ಗಳೊಳಗೆ ಅದನ್ನು ಬದಲಿಸಲು ಸಲಹೆ ನೀಡುತ್ತದೆ. ಈ ಬಿಲ್ಲು ಸೇವಾ ದಾಖಲೆಯಲ್ಲಿ ಇದೆಯೇ ಎಂದು ನೋಡಬೇಕು. ರನ್-ಫ್ಲಾಟ್ ಟೈರಿನ ಅನೇಕ ಕಾರುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ. ಅದೇ ಅಳತೆಯ ಟೈರು ಹೊಸದುರ್ಗದ ಅಂಗಡಿಯಲ್ಲಿ ತಕ್ಷಣ ಸಿಗುತ್ತದೆಂದು ನಂಬುವಂತಿಲ್ಲ. ಇನ್ನು ಶೇಂಗಾ, ಹತ್ತಿ ದಾಸ್ತಾನಿರುವ ಗೋದಾಮಿನ ಪಕ್ಕದಲ್ಲಿ ಕಾರು ನಿಲ್ಲಿಸುವವರಿಗೆ ಇಲಿಯೇ ಪರಮ ಶತ್ರು. ಹತ್ತಾರು ನಿಯಂತ್ರಣ ಘಟಕಗಳಿರುವ ಕಾರಿನಲ್ಲಿ ಅದು ಕಡಿದ ಒಂದು ತಂತಿಯನ್ನು ಹುಡುಕುವ ಕೂಲಿಯೇ ತಂತಿಯ ಬೆಲೆಗಿಂತ ಹೆಚ್ಚು.

ಬೆಲೆ ತೀರ ಅಗ್ಗವಾಗಿದ್ದರೆ ಕಾರು ಎಲ್ಲಿಂದ ಬಂದಿತೆಂದು ವಿಚಾರಿಸಬೇಕು. ದೆಹಲಿ ಪ್ರದೇಶದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ನಿರ್ಬಂಧ ವಿಧಿಸಿದ ಮೇಲೆ ಅಲ್ಲಿನ ಕಾರುಗಳು ಇತರ ರಾಜ್ಯಗಳತ್ತ ಹರಿದವು. ಹೊರರಾಜ್ಯದ ವಾಹನವನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಕಡ್ಡಾಯ. ಕೆಎ-16 ಸಂಖ್ಯೆ ಪಡೆಯಲು ಕಟ್ಟುವ ಆಜೀವ ತೆರಿಗೆಯೂ ಕಾರಿನ ಮೂಲ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ದರದಲ್ಲಿ ಬೀಳುತ್ತದೆಯೇ ಹೊರತು ಕೊಂಡ ಬೆಲೆಯ ಮೇಲಲ್ಲ.

ಒಂದು ಉದಾಹರಣೆ

ಪಾಲುದಾರಿಕೆ ಸಂಸ್ಥೆಯೊಂದು 12 ಲಕ್ಷಕ್ಕೆ ಕಾರು ಕೊಂಡಿತೆಂದು ಭಾವಿಸೋಣ. ಮೊದಲ ವರ್ಷ ಸಸ್ಪೆನ್ಷನ್‌ಗೆ 1,60,000, ಗೇರ್‌ಬಾಕ್ಸ್ ಸೇವೆಗೆ 45,000, ಟೈರುಗಳಿಗೆ 1,00,000, ಬ್ಯಾಟರಿ ಮತ್ತು ಸೆನ್ಸರ್‌ಗಳಿಗೆ 35,000, ಸುಮಾರು 200 ಕಿ.ಮೀ. ದೂರದ ಬೆಂಗಳೂರಿಗೆ ಹೇರಿಕೊಂಡು ಹೋಗಲು 20,000 ರೂಪಾಯಿ ತಗಲಿತೆಂದರೆ ಒಟ್ಟು 3,60,000 ರೂಪಾಯಿ. ಇದು ಕೊಂಡ ಬೆಲೆಯ ಶೇ. 30, ಮೂಲ ಬೆಲೆಯ ಶೇ. 8 ಮಾತ್ರ. ವರ್ಷಕ್ಕೆ 15,000 ಕಿ.ಮೀ. ಓಡಿದರೆ ಇಂಧನ, ವಿಮೆ, ಚಾಲಕನ ಸಂಬಳ ಬಿಟ್ಟು ದುರಸ್ತಿಯೊಂದಕ್ಕೇ ಕಿ.ಮೀ.ಗೆ 24 ರೂಪಾಯಿ.

ಈ ಬಿಲ್ಲುಗಳೆಲ್ಲವೂ ಶೇ. 18ರ ಜಿಎಸ್‌ಟಿ ಸೇರಿದವುಗಳಾದರೆ ಅದರಲ್ಲಿನ ತೆರಿಗೆ ಸುಮಾರು 54,900 ರೂಪಾಯಿ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ಖರೀದಿ, ದುರಸ್ತಿ, ವಿಮೆಗಳ ಮೇಲಿನ ತೆರಿಗೆಗೆ ಸಾಮಾನ್ಯ ವರ್ತಕರಿಗೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಬಿಲ್ಲಿನಲ್ಲಿ ಸಂಸ್ಥೆಯ ಜಿಎಸ್‌ಟಿ ಸಂಖ್ಯೆ ಹಾಕಿಸಿದ ಮಾತ್ರಕ್ಕೆ ಜಮೆ ಪಡೆಯಬಹುದೆಂಬ ತಿಳಿವಳಿಕೆ ನಮ್ಮ ಕಡೆ ಬಹಳ ಜನರಲ್ಲಿದೆ. ಅದು ತಪ್ಪು, ನಂತರ ಬಡ್ಡಿಸಹಿತ ಹಿಂದಿರುಗಿಸಬೇಕಾದೀತು.

ಆದಾಯ ತೆರಿಗೆಯಲ್ಲಿ ವ್ಯವಹಾರಕ್ಕಾಗಿ ಬಳಸುವ ಕಾರಿನ ದುರಸ್ತಿ ಕಳೆಯಬಹುದಾದ ವೆಚ್ಚವೇ. ಶೇ. 30ರ ದರದಲ್ಲಿ 3,60,000ಕ್ಕೆ, ಸೆಸ್ ಬಿಟ್ಟು, 1,08,000 ರೂಪಾಯಿ ತೆರಿಗೆ ಉಳಿಯುತ್ತದೆ. ಉಳಿದ 2,52,000 ಸಂಸ್ಥೆಯ ದುಡಿಯುವ ಬಂಡವಾಳದಿಂದಲೇ ಹೋಗುತ್ತದೆ. ಅಡಿಕೆ ಅಥವಾ ಶೇಂಗಾ ಖರೀದಿಯ ಹಂಗಾಮಿನಲ್ಲಿ ಈ ಮೊತ್ತಕ್ಕೆ ಎಷ್ಟು ಬೆಲೆಯಿದೆ ಎಂಬುದು ವರ್ತಕರಿಗೇ ಗೊತ್ತು. ಗ್ಯಾರೇಜಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ವೆಚ್ಚವನ್ನೇ ಒಪ್ಪುವುದಿಲ್ಲ. ಸ್ವಂತ ಬಳಕೆಯ ಪಾಲನ್ನೂ ಬಿಡಬೇಕು. ಅಂದಾಜು ಲಾಭದ ಆಧಾರದಲ್ಲಿ ವಿವರಣೆ ಸಲ್ಲಿಸುವ ಸಣ್ಣ ವರ್ತಕರಿಗಂತೂ ದುರಸ್ತಿ, ಸವಕಳಿ ಎರಡೂ ಪ್ರತ್ಯೇಕವಾಗಿ ದೊರೆಯುವುದಿಲ್ಲ.

ಸಸ್ಪೆನ್ಷನ್ ಕೆಟ್ಟಿದೆಯೆಂದು ತಿಳಿದೇ ಕಾರು ಕೊಂಡು, ಬಳಕೆಗೆ ಮೊದಲೇ ಸರಿಪಡಿಸಿದರೆ ಆ 1,60,000 ಆ ವರ್ಷದ ವೆಚ್ಚವಾಗದೆ ಕಾರಿನ ಬೆಲೆಗೆ ಸೇರುತ್ತದೆ. ಆಗ ಮೊದಲ ವರ್ಷ ಶೇ. 15ರ ಸವಕಳಿಯಾಗಿ 24,000 ಮಾತ್ರ. ಕಾರು 180 ದಿನಗಳಿಗಿಂತ ಕಡಿಮೆ ಬಳಕೆಯಾಗಿದ್ದರೆ 12,000.

ಎರಡು ವರ್ಷಗಳ ಪೂರ್ಣ ಸವಕಳಿಯ ನಂತರ 12 ಲಕ್ಷದ ಕಾರಿನ ಪುಸ್ತಕ ಬೆಲೆ 8,67,000 ರೂಪಾಯಿಗೆ ಇಳಿಯುತ್ತದೆ. ಸವಕಳಿ ಪಡೆದ ನೋಂದಾಯಿತ ವರ್ತಕರು ಹಳೆಯ ಕಾರನ್ನು ಮಾರಿದಾಗ, ಪುಸ್ತಕ ಬೆಲೆಗಿಂತ ಹೆಚ್ಚಾಗಿ ಬಂದ ಮೊತ್ತಕ್ಕೆ ಮಾತ್ರ 2025ರ ಜನವರಿ 16ರಿಂದ ಶೇ. 18ರ ಜಿಎಸ್‌ಟಿ ಅನ್ವಯಿಸುತ್ತದೆ. 9 ಲಕ್ಷಕ್ಕೆ ಮಾರಿದರೆ 33,000ದ ಮೇಲೆ 5,940 ರೂಪಾಯಿ. 7 ಲಕ್ಷಕ್ಕೆ ಮಾರಿದರೆ ತೆರಿಗೆ ಇಲ್ಲ.