ಅಮ್ಮನ ಬಿ.ಇಡಿ.ಗೆ ದುಡ್ಡು ಹೊಂದಿಸುವುದು

ಬಿ.ಇಡಿ. ಮಾಡಬೇಕೆಂದಿರುವ ತಾಯಂದಿರು ನನ್ನನ್ನು ಮೊದಲು ಕೇಳುವುದು ‘ಫೀಸು ಎಷ್ಟಾಯ್ತು ಅಕ್ಕ?’ ಎಂದು. ಫೀಸು ಹೇಗೋ ಹೊಂದುತ್ತದೆ. ನಮ್ಮ ಮನೆಯ ಲೆಕ್ಕದಲ್ಲಿ ದೊಡ್ಡ ಮೊತ್ತವೆಂದರೆ ನಾನು ಬಿಟ್ಟ ಸಂಬಳ. ಮೈಸೂರಿನ ದೇವರಾಜ ಅರಸು ರಸ್ತೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ, ತಿಂಗಳಿಗೆ 14,000 ರೂಪಾಯಿ. ಎರಡು ವರ್ಷಕ್ಕೆ 3,36,000. ಸರ್ಕಾರಿ ಕೋಟಾದ ಸೀಟು ಸಿಕ್ಕಿದ್ದರಿಂದ ಫೀಸು ಇದರ ಕಾಲು ಭಾಗವೂ ಆಗಲಿಲ್ಲ.

ಕೆಲಸ ಮಾಡುತ್ತಲೇ ಓದಬಹುದಲ್ಲ ಎನ್ನುತ್ತಾರೆ. ಆಗುವುದಿಲ್ಲ. 2015ರಿಂದ ಬಿ.ಇಡಿ. ಎರಡು ವರ್ಷದ್ದು. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ (ಎನ್‌ಸಿಟಿಇ) ನಿಯಮದ ಪ್ರಕಾರ ತರಗತಿಗೆ ಶೇ 80, ಶಾಲೆಯ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಿ ಬೇಕು. ಇಂಟರ್ನ್‌ಶಿಪ್ಪೇ ಒಟ್ಟು 20 ವಾರ. ದೂರಶಿಕ್ಷಣದ ಬಿ.ಇಡಿ. ಇರುವುದು ಶಿಕ್ಷಕ ತರಬೇತಿ ಮೊದಲೇ ಪಡೆದವರಿಗೆ. ಕಾಲೇಜಿಗೆ ಬರದೆಯೂ ಹಾಜರಿ ಕೊಡಿಸುತ್ತೇವೆಂದು ದುಡ್ಡು ಕೇಳುವವರು ಸಿಗಬಹುದು. ದಯವಿಟ್ಟು ಆ ದಾರಿ ಹಿಡಿಯಬೇಡಿ. ಭಿನ್ನರಾಶಿ ಅರ್ಥವಾಗದೆ ತಲೆ ತಗ್ಗಿಸಿ ಕೂತ ಹುಡುಗಿಯನ್ನು ಮತ್ತೆ ಬೋರ್ಡಿನ ಹತ್ತಿರ ಕರೆಯುವುದು ಹೇಗೆಂದು ನಾನು ಕಲಿತದ್ದು ಇಂಟರ್ನ್‌ಶಿಪ್ಪಿನ ಆ ವಾರಗಳಲ್ಲೇ.

ಇನ್ನೊಂದು ವಿಷಯ ಸೇರುವ ಮೊದಲೇ ತೀರ್ಮಾನವಾಗಬೇಕು. ಒಂದರಿಂದ ಐದನೇ ತರಗತಿಯ ಶಿಕ್ಷಕರಾಗಲು ಬಿ.ಇಡಿ. ಅರ್ಹತೆಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ಹೇಳಿತು. ಪುಟ್ಟ ಮಕ್ಕಳಿಗೆ ಕಲಿಸುವ ಆಸೆಯಿದ್ದರೆ ಡಿ.ಇಎಲ್.ಇಡಿ. ಓದಬೇಕು. ಅದರ ವಿವರ ತಿಳಿಯಲು ಇಲ್ಲಿ ನಜರ್‌ಬಾದಿನ ವಸಂತಮಹಲ್‌ನಲ್ಲಿರುವ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಹೋಗಿಬನ್ನಿ. ತಪ್ಪು ಕೋರ್ಸಿಗೆ ಸೇರಿದರೆ ಎರಡು ವರ್ಷದ ಸಂಬಳವೂ ಹೋದಂತೆ.

ನಾವು ದುಡ್ಡು ಹೊಂದಿಸಿದ್ದು ಹೀಗೆ. ಸೇರುವ ಮೂರು ವರ್ಷ ಮೊದಲೇ ತಿಂಗಳಿಗೆ 5,000 ರೂಪಾಯಿಯ ಆರ್.ಡಿ. ಶುರು ಮಾಡಿದೆ. ಬಡ್ಡಿ ಸೇರಿ ಸುಮಾರು ಎರಡು ಲಕ್ಷವಾಯಿತು. ಅದನ್ನು ಫೀಸಿಗೆ ಮುಟ್ಟಲಿಲ್ಲ. ತಿಂಗಳಿಗೆ 8,000ದಂತೆ ಮನೆಖರ್ಚಿನ ಖಾತೆಗೆ ಹಾಕಿಕೊಂಡೆ, ಸಂಬಳ ಬಂದ ಹಾಗೆ. ಸಂಜೆ ಮನೆಪಾಠದಿಂದ ನಾಲ್ಕು ಸಾವಿರ ಬರುತ್ತಿತ್ತು. ಉಳಿದ ಕೊರತೆಯನ್ನು ಮನೆಯವರೆಲ್ಲ ಹಂಚಿಕೊಂಡರು. ‘ನೀನು ಓದ್ಕೋ ಕಣಮ್ಮ, ಮಕ್ಕಳನ್ನ ನಾನು ನೋಡ್ಕೋತೀನಿ’ ಎಂದು ಅತ್ತೆ ಹೇಳದೇ ಇದ್ದಿದ್ದರೆ ಈ ಯಾವ ಲೆಕ್ಕವೂ ಕೂಡುತ್ತಿರಲಿಲ್ಲ. ಅವರ ಆ ಎರಡು ವರ್ಷದ ದುಡಿಮೆಗೆ ನಾನು ಯಾವ ಬೆಲೆ ಬರೆಯಲಿ?

ಫೀಸಿಗೆ ಬ್ಯಾಂಕಿನ ಶಿಕ್ಷಣ ಸಾಲ ತೆಗೆದೆವು, ಯಜಮಾನರು ಸಹ-ಸಾಲಗಾರರು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ನಾಲ್ಕು ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ, ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಬಡ್ಡಿಯನ್ನು ಮಾತ್ರ ನಾವು ಓದುವಾಗಲೇ ಕಟ್ಟುತ್ತ ಬಂದೆವು. ಒಡವೆ ಅಡ ಇಡುವುದು ಸುಲಭ ಅನ್ನಿಸುತ್ತದೆ, ಒಂದೇ ದಿನದ ಕೆಲಸ. ಆದರೆ ಒಡವೆ ಸಾಲ ಸಾಮಾನ್ಯವಾಗಿ ವರ್ಷದೊಳಗೆ ತೀರಬೇಕು. ನಿಮಗೆ ಆದಾಯವೇ ಇಲ್ಲದ ವರ್ಷ ಅದು. ಮನೆಯಲ್ಲಿ ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿದ್ದರೆ ಸಾಲವನ್ನು ಯಾರ ಹೆಸರಿನಲ್ಲಿ ತೆಗೆಯಬೇಕೆಂದು ಮೊದಲೇ ವಿಚಾರಿಸಿ. ಶಿಕ್ಷಣ ಸಾಲದ ಬಡ್ಡಿಗೆ ಆ ಪದ್ಧತಿಯಲ್ಲಿ ಎಂಟು ವರ್ಷದವರೆಗೆ ತೆರಿಗೆ ವಿನಾಯಿತಿ ಇದೆ.

ಚಾರ್ಟು, ರೆಕಾರ್ಡು, ಜೆರಾಕ್ಸು, ಪಾಠೋಪಕರಣ ಎಂದು ಚಿಲ್ಲರೆ ಹೋಗುತ್ತಲೇ ಇರುತ್ತದೆ. ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಇರುವುದರಿಂದ ನಗರ ಸಾರಿಗೆ ಬಸ್ಸಿನ ಖರ್ಚು ಉಳಿಯಿತು.

ಈಗ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. 10,500 ಇದ್ದ ಗೌರವಧನಕ್ಕೆ 2025-26ರ ಬಜೆಟ್ 2,000 ಸೇರಿಸಿತು. ಅಂಗಡಿಯ ಸಂಬಳಕ್ಕಿಂತ ಇದು ಕಡಿಮೆಯೇ. ಹಾಗಿದ್ದೂ ಈ ಕೆಲಸ ನನಗೆ ಬೇಕು, ಗಣಿತಕ್ಕೆ ಹೆದರುವ ಮಕ್ಕಳ ನಡುವೆ ಇರುವುದು ನನಗೆ ಇಷ್ಟ. ಕಾಯಂ ಹುದ್ದೆಯ ಅಧಿಸೂಚನೆ ಯಾವಾಗ ಬರುತ್ತದೋ, ಅದರಲ್ಲಿ ವಯೋಮಿತಿ ಎಷ್ಟಿರುತ್ತದೋ ಎಂಬ ಆತಂಕ ಇದ್ದೇ ಇದೆ. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ (ಟಿಇಟಿ) ಪಡೆದ ಅರ್ಹತೆಗೆ ಈಗ ಆಯುಷ್ಯಪೂರ್ತಿ ಮಾನ್ಯತೆಯಿರುವುದರಿಂದ ಅದನ್ನಂತೂ ಮೊದಲು ಮುಗಿಸಿಕೊಳ್ಳಿ. ಬೇಸಿಗೆ ರಜೆಯಲ್ಲಿ ಅತಿಥಿ ಶಿಕ್ಷಕರಿಗೆ ಗೌರವಧನವಿಲ್ಲ, ಜೂನ್‌ನಲ್ಲಿ ನಮ್ಮ ಮಕ್ಕಳ ಶಾಲೆಯ ಫೀಸು ತಪ್ಪುವುದಿಲ್ಲ. ಮನೆಪಾಠದ ದುಡ್ಡನ್ನು ಈಗ ಆ ತಿಂಗಳುಗಳಿಗೆಂದೇ ಬೇರೆ ಖಾತೆಯಲ್ಲಿ ಇಡುತ್ತಿದ್ದೇನೆ.