ಲೂಯಿಸ್ ಬೂರ್ಜ್ವಾ ರೇಖಾಚಿತ್ರಗಳಲ್ಲಿ ಅತಿವಾಸ್ತವವಾದ

ಆಂದ್ರೆ ಬ್ರೆತಾನ್ 1924ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟಿಸಿದ ಪ್ರಣಾಳಿಕೆಯು ಕನಸು, ಸುಪ್ತಮನಸ್ಸುಗಳನ್ನು ಅತಿವಾಸ್ತವವಾದದ ತಳಹದಿಯಾಗಿಸಿತು. ಫ್ರೆಂಚ್-ಅಮೆರಿಕನ್ ಕಲಾವಿದೆ ಲೂಯಿಸ್ ಬೂರ್ಜ್ವಾ (1911–2010) ಈ ಪಂಥದವರೆನಿಸಿಕೊಳ್ಳಲು ಒಪ್ಪಲಿಲ್ಲ. ಆದರೂ ಅವರ ರೇಖೆಗಳಲ್ಲಿ ಅದರ ಋಣ ಸ್ಪಷ್ಟವಾಗಿದೆ. 1940ರ ದಶಕದ ‘ಫಾಮ್ ಮೇಜಾನ್’ ಸರಣಿಯಲ್ಲಿ ಹೆಣ್ಣಿನ ಬರಿಮೈಯ ಮೇಲೆ ತಲೆಯ ಜಾಗದಲ್ಲಿ ಮನೆ ನಿಂತಿದೆ. ಒಂದಕ್ಕೊಂದು ಹೊಂದದ ವಸ್ತುಗಳನ್ನು ಹೀಗೆ ಬೆಸೆಯುವುದು ಅತಿವಾಸ್ತವವಾದಿಗಳ ಮುಖ್ಯ ವಿಧಾನ. 1994–95ರ ನಿದ್ದೆಯಿಲ್ಲದ ರಾತ್ರಿಗಳಲ್ಲಿ ಬಿಡಿಸಿದ 220 ‘ಇನ್‌ಸೋಮ್ನಿಯಾ’ ರೇಖಾಚಿತ್ರಗಳಲ್ಲೂ ಕೈ ಮನಸ್ಸಿನ ಹರಿವನ್ನೇ ಹಿಂಬಾಲಿಸುತ್ತದೆ.

ಅವರ ವಸ್ತು ಕನಸಲ್ಲ, ಬಾಲ್ಯದ ನೆನಪು ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಪ್ರಭಾವವನ್ನು ಅಳೆಯಬೇಕಾದದ್ದು ವಿಧಾನದಿಂದಲೇ ಹೊರತು ಪಂಥದ ಸದಸ್ಯತ್ವದಿಂದಲ್ಲ. ಹಲವು ಪುರುಷ ಅತಿವಾಸ್ತವವಾದಿಗಳು ಹೆಣ್ಣಿನ ದೇಹವನ್ನು ನೋಟದ ವಸ್ತುವಾಗಿಸಿದರು. ಬೂರ್ಜ್ವಾ ಅದೇ ವಿಧಾನದಿಂದ ಹೆಣ್ಣಿನ ಒಳ ಅನುಭವವನ್ನು ಚಿತ್ರಿಸಿದರು. ಅವರ ಸ್ವಂತಿಕೆ ಇರುವುದು ಇಲ್ಲಿಯೇ.