ಕಪ್ ಗೆಲ್ಲಿಸುವ ಗೋಲ್‌ಕೀಪರ್: ಗಣಿತ ಮತ್ತು ದೈಹಿಕ ಶಿಕ್ಷಣದ ಒಂದು ಸಮನ್ವಯ ಪಾಠ

ಬೋಧನಾಭ್ಯಾಸದ ಎರಡನೆಯ ವಾರ. ಹತ್ತನೆಯ ತರಗತಿಯ ಆಟದ ಅವಧಿಯನ್ನು ನನಗೆ ವಹಿಸಿದ್ದರು. ಮಕ್ಕಳನ್ನು ಎರಡು ತಂಡ ಮಾಡಿ ಫುಟ್‌ಬಾಲ್ ಆಡಿಸಲು ನಿಂತೆ. ಓಟದಲ್ಲಿ ಹಿಂದೆ ಬೀಳುತ್ತಿದ್ದ ಹುಡುಗನೊಬ್ಬನಿಗೆ, ‘ನೀನು ಗೋಲಲ್ಲಿ ನಿಂತ್ಕೋ’ ಎಂದೆ. ಅವನ ತಂಡ ಮೂರು ಗೋಲುಗಳಿಂದ ಸೋತಿತು. ಮಕ್ಕಳೆಲ್ಲ ಅವನ ಮೇಲೆ ರೇಗಿದರು. ಮುಂದಿನ ಆಟದ ಅವಧಿಗೆ ಅವನು ಹೊಟ್ಟೆನೋವೆಂದು ಹೇಳಿ ತರಗತಿಯಲ್ಲೇ ಉಳಿದ.

ತಪ್ಪು ಆ ಮಕ್ಕಳದಲ್ಲ, ನನ್ನದು. ‘ಬೇರೇನೂ ಬಾರದವನು ನಿಲ್ಲುವ ಜಾಗ ಗೋಲು’ ಎಂಬ ಮಾತನ್ನು ಬಾಯಿಬಿಟ್ಟು ಹೇಳದೆಯೇ ನಾನು ಅವರಿಗೆ ಕಲಿಸಿದ್ದೆ. ಅದನ್ನು ತಿದ್ದಬೇಕಿತ್ತು. ಉಪದೇಶ ಮಾಡಿದರೆ ಮಕ್ಕಳು ತಲೆಯಾಡಿಸಿ ಮರೆಯುತ್ತಾರೆ. ಅದೇ ವಾರ ಗಣಿತದಲ್ಲಿ ಸಮರೂಪ ತ್ರಿಭುಜಗಳ ಪಾಠ ನಡೆಯುತ್ತಿದ್ದುದರಿಂದ ಎರಡನ್ನೂ ಸೇರಿಸಿ ಒಂದು ಪಾಠ ಹೆಣೆದೆ. ಅದರ ಯೋಜನೆ, ನಡೆದ ರೀತಿ ಮತ್ತು ನನಗೆ ಕಂಡ ಕೊರತೆಗಳನ್ನು ಇಲ್ಲಿ ಕೊಟ್ಟಿದ್ದೇನೆ.

ಪಾಠದ ವಿವರ

ತರಗತಿ: 10. ಅವಧಿ: 40 ನಿಮಿಷಗಳ ಎರಡು ಅವಧಿಗಳು (ಒಂದು ತರಗತಿಯಲ್ಲಿ, ಒಂದು ಮೈದಾನದಲ್ಲಿ).

ಪೂರ್ವಜ್ಞಾನ: ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಸಮಾನುಪಾತದಲ್ಲಿ ವಿಭಾಗಿಸುತ್ತದೆ, ವೇಗ, ದೂರ, ಕಾಲಗಳ ಸಂಬಂಧ.

ಬೋಧನೋಪಕರಣಗಳು: ಪಂದ್ಯಗಳ ಫಲಿತಾಂಶ ಬರೆದ ಚಾರ್ಟು, 17 ಮೀಟರ್ ಉದ್ದದ ಎರಡು ಹಗ್ಗ, ಅಳತೆ ಟೇಪು, ಎರಡು ಬಿದಿರಿನ ಗಳ, ಸುಣ್ಣದ ಪುಡಿ, ಚೆಂಡು.

ಉದ್ದೇಶಗಳು: ಈ ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು

1. ಪಂದ್ಯಾವಳಿಯ ಅಂಕಿಗಳನ್ನು ಓದಿ ಗೆಲುವಿನಲ್ಲಿ ಗೋಲ್‌ಕೀಪರ್‌ನ ಪಾಲನ್ನು ಕಾರಣಸಹಿತ ವಿವರಿಸುವರು.
2. ಕೀಪರ್ ಮುಂದೆ ಬಂದಾಗ ಕಾಯಬೇಕಾದ ಅಗಲ ಎಷ್ಟು ಕುಗ್ಗುತ್ತದೆಂದು ಸಮರೂಪ ತ್ರಿಭುಜಗಳಿಂದ ಲೆಕ್ಕ ಹಾಕುವರು.
3. ಒಂದು ತಪ್ಪಿನಿಂದ ಆಟಗಾರನ ಬೆಲೆ ಕಟ್ಟುವುದು ಸರಿಯೇ ಎಂಬುದನ್ನು ಚರ್ಚಿಸುವರು.

ಒಂದನೆಯ ಅವಧಿ: ಎಂಟು ಗೋಲುಗಳ ವಿಶ್ವಕಪ್

ಚಾರ್ಟನ್ನು ತೂಗುಹಾಕಿ ಪಾಠ ಆರಂಭಿಸಿದೆ. 2010ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ನಡೆದ ವಿಶ್ವಕಪ್‌ನಲ್ಲಿ ಸ್ಪೇನ್ ತಂಡದ ಏಳು ಪಂದ್ಯಗಳು ಅದರಲ್ಲಿದ್ದವು:

ಸ್ವಿಟ್ಜರ್ಲೆಂಡ್ ವಿರುದ್ಧ 0–1
ಹೊಂಡುರಾಸ್ ವಿರುದ್ಧ 2–0
ಚಿಲಿ ವಿರುದ್ಧ 2–1
ಪೋರ್ಚುಗಲ್ ವಿರುದ್ಧ 1–0
ಪರಾಗ್ವೆ ವಿರುದ್ಧ 1–0
ಜರ್ಮನಿ ವಿರುದ್ಧ 1–0
ನೆದರ್ಲೆಂಡ್ಸ್ ವಿರುದ್ಧ 1–0 (ಫೈನಲ್, ಹೆಚ್ಚುವರಿ ಅವಧಿಯಲ್ಲಿ)

‘ಈ ತಂಡ ಒಟ್ಟು ಎಷ್ಟು ಗೋಲು ಹೊಡೆಯಿತು?’ ಎಂದು ಕೇಳಿದೆ. ಕೂಡಿಸಿ ಎಂಟು ಎಂದರು. ‘ಏಳು ಪಂದ್ಯಕ್ಕೆ ಎಂಟೇನಾ ಸಾರ್?’ ಎಂದು ಹಿಂದಿನ ಬೆಂಚಿನಿಂದ ಒಂದು ದನಿ ಬಂತು. ‘ಬಿಟ್ಟ ಗೋಲು?’ ಎಂದೆ. ಎರಡು. ಕೊನೆಯ ನಾಲ್ಕು ಪಂದ್ಯಗಳಲ್ಲಿ? ಸೊನ್ನೆ.

ಆಗ ಮುಖ್ಯ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ: ‘ಒಂದೇ ಗೋಲು ಹೊಡೆದು ಪಂದ್ಯ ಗೆಲ್ಲಬೇಕಾದರೆ ಇನ್ನೇನು ಆಗಿರಬೇಕು?’ ಉತ್ತರ ತಡವಾಗಲಿಲ್ಲ: ಎದುರಾಳಿಯ ಲೆಕ್ಕ ಸೊನ್ನೆಯಾಗಿರಬೇಕು. ಮುನ್ಪಡೆಯವನು ಹೊಡೆದ ಒಂದು ಗೋಲು ಸಾಕಾಗುವಂತೆ ಮಾಡುವುದೇ ಗೋಲ್‌ಕೀಪರ್‌ನ ಕೆಲಸ. ಈ ಪಾಠದಲ್ಲಿ ಮಕ್ಕಳು ಹಿಡಿದುಕೊಳ್ಳಬೇಕಾದ ಮಾತು ಇದೊಂದೇ.

ಮುಂದೆ ಎರಡು ಸನ್ನಿವೇಶಗಳನ್ನು ಹೇಳಿದೆ. ಒಂದು, ಪರಾಗ್ವೆ ವಿರುದ್ಧದ ಕ್ವಾರ್ಟರ್ ಫೈನಲ್. ಎರಡೂ ತಂಡಗಳು 0–0 ಇದ್ದಾಗ ಪರಾಗ್ವೆಗೆ ಪೆನಾಲ್ಟಿ ಸಿಕ್ಕಿತು. ಆಸ್ಕರ್ ಕಾರ್ಡೋಸೊ ಒದ್ದ ಚೆಂಡನ್ನು ಸ್ಪೇನ್‌ನ ನಾಯಕನೂ ಕೀಪರೂ ಆಗಿದ್ದ ಇಕರ್ ಕಸಿಯಾಸ್ ಹಾರಿ ಹಿಡಿದರು. ಕಾರ್ಡೋಸೊ ಯಾವ ಕಡೆಗೆ ಒದೆಯಬಹುದೆಂಬ ಸುಳಿವು ಕೊಟ್ಟಿದ್ದವರು ಬೆಂಚಿನ ಮೇಲೆ ಕುಳಿತಿದ್ದ ಮೀಸಲು ಕೀಪರ್ ಪೆಪೆ ರೀನಾ. ಅದೇ ವರ್ಷ ಕ್ಲಬ್ ಪಂದ್ಯವೊಂದರಲ್ಲಿ ಕಾರ್ಡೋಸೊ ರೀನಾ ಎದುರು ಪೆನಾಲ್ಟಿಗಳನ್ನು ಗೋಲಾಗಿಸಿದ್ದರು. ರೀನಾ ಆ ವಿಶ್ವಕಪ್‌ನಲ್ಲಿ ಒಂದು ನಿಮಿಷವೂ ಆಡಲಿಲ್ಲ. ಆದರೂ ಅವರು ಬಿಟ್ಟ ಗೋಲುಗಳ ಅನುಭವ ತಂಡಕ್ಕೆ ನೆರವಾಯಿತು. ಈ ಪಂದ್ಯವನ್ನು ಸ್ಪೇನ್ 83ನೆಯ ನಿಮಿಷದ ಗೋಲಿನಿಂದ ಗೆದ್ದಿತು.

ಇನ್ನೊಂದು, ಜುಲೈ 11ರಂದು ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಫೈನಲ್. 62ನೆಯ ನಿಮಿಷದಲ್ಲಿ ನೆದರ್ಲೆಂಡ್ಸ್‌ನ ವೆಸ್ಲಿ ಸ್ನೈಡರ್ ಕೊಟ್ಟ ಪಾಸು ರಕ್ಷಣಾ ಆಟಗಾರರ ನಡುವೆ ನುಗ್ಗಿತು. ಆರ್ಯೆನ್ ರಾಬೆನ್ ಚೆಂಡಿನೊಂದಿಗೆ ಒಂಟಿಯಾಗಿ ಓಡಿಬಂದರು. ಎದುರಿಗೆ ಕಸಿಯಾಸ್ ಒಬ್ಬರೇ. ಕಸಿಯಾಸ್ ಗೆರೆ ಬಿಟ್ಟು ಮುಂದೆ ಬಂದಿದ್ದರು. ರಾಬೆನ್ ಒದ್ದಾಗ ಅವರ ಮೈ ಒಂದು ಕಡೆಗೆ ವಾಲಿತ್ತು, ಚೆಂಡು ಇನ್ನೊಂದು ಕಡೆಗೆ ಹೋಯಿತು. ಆದರೂ ಹಿಂದೆ ಉಳಿದ ಕಾಲಿಗೆ ಚೆಂಡು ತಗುಲಿ ಕಂಬದ ಹೊರಗೆ ಉರುಳಿತು. 116ನೆಯ ನಿಮಿಷದಲ್ಲಿ ಇನಿಯೆಸ್ತಾ ಗೋಲು ಹೊಡೆದರು.

‘ಇನಿಯೆಸ್ತಾ ಗೆಲ್ಲಿಸಿದರೋ, ಕಸಿಯಾಸ್ ಗೆಲ್ಲಿಸಿದರೋ?’ ಎಂದು ತರಗತಿಯನ್ನೇ ಕೇಳಿದೆ. ಗದ್ದಲವಾಯಿತು. ಒಬ್ಬ ಹುಡುಗಿ ಎದ್ದು, ‘ಇಬ್ಬರಲ್ಲಿ ಒಬ್ಬರಿಲ್ಲದಿದ್ರೂ ಆಗ್ತಿರ್ಲಿಲ್ಲ ಸಾರ್’ ಎಂದಳು. ಅದನ್ನೇ ಹಲಗೆಯ ಮೇಲೆ ಬರೆಸಿದೆ. ಇಲ್ಲಿ ಶಿಕ್ಷಕರು ಒಂದು ಎಚ್ಚರ ವಹಿಸಬೇಕು. ಗೋಲು ಬಿಡದಿರುವುದು ಕೀಪರ್ ಒಬ್ಬನ ಸಾಧನೆಯಲ್ಲ. ಪುಯೋಲ್, ಪಿಕೆಯಂಥ ರಕ್ಷಣಾ ಆಟಗಾರರಿದ್ದರು. ಚೆಂಡನ್ನು ತಮ್ಮಲ್ಲೇ ಇಟ್ಟುಕೊಂಡು ಎದುರಾಳಿಗೆ ಅವಕಾಶವನ್ನೇ ಕೊಡದ ಆಟ ಸ್ಪೇನಿನದು. ಇಷ್ಟೆಲ್ಲ ದಾಟಿಯೂ ಪಂದ್ಯಕ್ಕೆ ಒಂದೋ ಎರಡೋ ಸಲ ಎದುರಾಳಿ ನುಗ್ಗಿಬರುತ್ತಾನೆ. ಅಲ್ಲಿಯವರೆಗೆ ಸುಮ್ಮನೆ ನಿಂತಿದ್ದರೂ ಆ ಕ್ಷಣಕ್ಕೆ ಸಿದ್ಧನಾಗಿರುವವನೇ ದೊಡ್ಡ ಕೀಪರ್.

ಎರಡನೆಯ ಅವಧಿ: ಮುಂದೆ ಬಂದರೆ ಏನು ಲಾಭ?

ಮೈದಾನದಲ್ಲಿ ಗೋಲುಕಂಬ ಇರಲಿಲ್ಲ. ಬಿದಿರಿನ ಗಳಗಳನ್ನು 7.32 ಮೀಟರ್ ಅಂತರದಲ್ಲಿ ನೆಟ್ಟೆವು. ಇದು ನಿಯಮದ ಅಗಲ. ಎತ್ತರ 2.44 ಮೀಟರ್. ಪೆನಾಲ್ಟಿ ಆವರಣದ ಅಂಚು ಗೋಲು ಗೆರೆಯಿಂದ 16.5 ಮೀಟರ್; ಲೆಕ್ಕ ಸುಲಭವಾಗಲೆಂದು ಗೋಲಿನ ನಟ್ಟನಡುವೆ 16 ಮೀಟರ್ ದೂರದಲ್ಲಿ ಚೆಂಡನ್ನಿಟ್ಟೆವು. ಚೆಂಡಿನಿಂದ ಒಂದೊಂದು ಕಂಬಕ್ಕೂ ಒಂದೊಂದು ಹಗ್ಗ ಬಿಗಿದಾಗ ನೆಲದ ಮೇಲೆ ದೊಡ್ಡ ತ್ರಿಭುಜ ಮೂಡಿತು. ನೇರವಾಗಿ ಒದ್ದ ಚೆಂಡು ಗೋಲಾಗಬೇಕಾದರೆ ಈ ಎರಡು ಹಗ್ಗಗಳ ನಡುವೆಯೇ ಹೋಗಬೇಕು.

ಒಬ್ಬ ವಿದ್ಯಾರ್ಥಿ ಕೀಪರ್ ಆಗಿ ಗೋಲು ಗೆರೆಯ ಮೇಲೆ ನಿಂತ. ಅಲ್ಲಿ ಕಾಯಬೇಕಾದ ಅಗಲ 7.32 ಮೀಟರ್. ಅವನು ಮುಂದೆ ಬಂದಂತೆಲ್ಲ ಹಗ್ಗಗಳ ನಡುವಿನ ಅಂತರವನ್ನು ಗೋಲು ಗೆರೆಗೆ ಸಮಾಂತರವಾಗಿ ಅಳೆಯಲು ಹೇಳಿದೆ. ಅಳೆಯುವ ಮೊದಲು ಲೆಕ್ಕ ಹಾಕಬೇಕು; ಇದು ಷರತ್ತು. ಸಮರೂಪ ತ್ರಿಭುಜಗಳಿಂದ,

ಕಾಯಬೇಕಾದ ಅಗಲ = 7.32 × (ಚೆಂಡಿನಿಂದ ಕೀಪರ್‌ಗಿರುವ ದೂರ ÷ 16)

ಚೆಂಡಿನಿಂದ 12 ಮೀ. ದೂರದಲ್ಲಿ ನಿಂತರೆ 5.49 ಮೀ.
8 ಮೀ. ದೂರದಲ್ಲಿ ನಿಂತರೆ 3.66 ಮೀ.
4 ಮೀ. ದೂರದಲ್ಲಿ ನಿಂತರೆ 1.83 ಮೀ.

ಹಗ್ಗ ಸ್ವಲ್ಪ ಜೋತುಬಿದ್ದುದರಿಂದ ಟೇಪಿನ ಅಳತೆ ಕೆಲವು ಸೆಂಟಿಮೀಟರ್ ಆಚೀಚೆ ಬಂತು. ಆದರೆ ಕೊನೆಯ ಜಾಗದಲ್ಲಿ ಕೀಪರ್ ಆಗಿದ್ದವನು ಎರಡೂ ಕೈ ಚಾಚಿದಾಗ ಬೆರಳುಗಳು ಹಗ್ಗಗಳ ಹತ್ತಿರ ಹೋದವು. ಆಗ ಮಕ್ಕಳಲ್ಲಿ ಎದ್ದ ಸದ್ದು ಯಾವ ಪ್ರಮೇಯದ ಸಾಧನೆಗೂ ನಾನು ಕೇಳಿರಲಿಲ್ಲ. ತಪ್ಪು ಕಡೆಗೆ ವಾಲಿದ ಕಸಿಯಾಸ್ ಅವರ ಕಾಲಿಗೂ ಚೆಂಡು ಹೇಗೆ ಸಿಕ್ಕಿತೆಂಬುದು ಅವರಿಗೆ ಅಲ್ಲಿ ಅರ್ಥವಾಯಿತು. ಅದರಲ್ಲಿ ಅದೃಷ್ಟವೂ ಇತ್ತು. ಆದರೆ ಮುಂದೆ ಬಂದು ಜಾಗ ಕಿರಿದು ಮಾಡದಿದ್ದರೆ ಆ ಅದೃಷ್ಟಕ್ಕೆ ಎಡೆಯೇ ಇರುತ್ತಿರಲಿಲ್ಲ.

ಇಲ್ಲಿಗೆ ನನ್ನ ಯೋಜನೆ ಮುಗಿದಿತ್ತು. ಆಗ ಇಷ್ಟು ಹೊತ್ತು ಹಗ್ಗ ಹಿಡಿದು ಸುಮ್ಮನೆ ನಿಂತಿದ್ದ, ಮೊದಲ ವಾರ ನಾನು ಗೋಲಿಗೆ ಅಟ್ಟಿದ್ದ ಆ ಹುಡುಗ ಕೇಳಿದ: ‘ಸಾರ್, ಅಷ್ಟು ಮುಂದೆ ಬಂದ್ರೆ ತಲೆ ಮೇಲಿಂದ ಹಾಕಲ್ವಾ? ಅವತ್ತು ನಂಗೆ ಹಂಗೇ ಹಾಕಿದ್ದು.’

ಪಾಠ ಟಿಪ್ಪಣಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ನಾನು ನೆಲದ ತ್ರಿಭುಜವನ್ನಷ್ಟೇ ಯೋಚಿಸಿದ್ದೆ. ಗೋಲಿಗೆ ಎತ್ತರವೂ ಇದೆ ಎಂಬುದನ್ನು ಗೋಲಲ್ಲಿ ನಿಂತು ಅನುಭವಿಸಿದವನು ನೆನಪಿಸಿದ. ಎಲ್ಲರೂ ಸೇರಿ ಲೆಕ್ಕ ಹಾಕಿದೆವು. ಕೀಪರ್ ಕೈ ಎತ್ತಿದರೆ 2.2 ಮೀಟರ್ ಎನ್ನೋಣ. ಚೆಂಡಿನಿಂದ 4 ಮೀಟರ್ ದೂರದಲ್ಲಿ ಅವನ ಕೈ ಮೇಲಿಂದ ನೇರ ಗೆರೆಯಲ್ಲಿ ಹೋದ ಚೆಂಡು 16 ಮೀಟರ್ ದೂರದ ಗೋಲು ಗೆರೆ ತಲುಪುವಾಗ 2.2 × 4 = 8.8 ಮೀಟರ್ ಎತ್ತರದಲ್ಲಿರುತ್ತದೆ. ಗೋಲಿನ ಎತ್ತರ 2.44 ಮಾತ್ರ. ಅಂದರೆ ನೇರ ಹೊಡೆತದಿಂದ ಆಗದು. ಚೆಂಡು ಏರಿ ಮತ್ತೆ ಇಳಿಯಬೇಕು. ಅಂಥ ಚೆಂಡು ನಿಧಾನವಾಗಿ ಹೋಗುತ್ತದೆ. ಅದನ್ನು ಎತ್ತಲು ಒದೆಯುವವನಿಗೆ ಬಿಡುವೂ ಬೇಕು. ‘ಹಾಗಾದರೆ ಮುಂದೆ ಬರುವುದು ತಪ್ಪಲ್ಲ, ಅವನಿಗೆ ಬಿಡುವಿದ್ದಾಗ ಬರುವುದು ತಪ್ಪು’ ಎಂದು ತರಗತಿ ತೀರ್ಮಾನಿಸಿತು. ಯಾವಾಗ ಗೆರೆ ಬಿಡಬೇಕು, ಯಾವಾಗ ಬಿಡಬಾರದು ಎಂಬ ನಿರ್ಧಾರದಲ್ಲೇ ಒಳ್ಳೆಯ ಕೀಪರ್‌ಗೂ ಸಾಮಾನ್ಯ ಕೀಪರ್‌ಗೂ ವ್ಯತ್ಯಾಸವಿರುವುದು.

ಪೆನಾಲ್ಟಿ: ಮುಂದೆ ಬರಲಾಗದ ಸಂದರ್ಭ

ಪೆನಾಲ್ಟಿಯಲ್ಲಿ ಚೆಂಡು ಒದೆಯುವವರೆಗೆ ಕೀಪರ್ ಗೋಲು ಗೆರೆ ಬಿಡುವಂತಿಲ್ಲ. ಚೆಂಡಿಗೂ ಗೆರೆಗೂ 11 ಮೀಟರ್. ಗಂಟೆಗೆ 90 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 25 ಮೀಟರ್; 11 ÷ 25 = 0.44 ಸೆಕೆಂಡ್. ಕಣ್ಣು ಕಂಡದ್ದಕ್ಕೆ ಮೈ ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕು. ಉಳಿದ ಅಷ್ಟರಲ್ಲೇ ಹಾರಿ ತಲುಪಬೇಕು. ಆದ್ದರಿಂದ ಇಲ್ಲಿ ಎದುರಾಳಿಯ ಅಧ್ಯಯನ, ಅವನ ಓಟ ಮತ್ತು ಸೊಂಟದ ತಿರುವನ್ನು ಓದುವುದು, ಆತುರಪಡದಿರುವುದು ಮುಖ್ಯ.

ಇದಕ್ಕೆ ಬೆಂಗಳೂರಿನಲ್ಲೇ ನಡೆದ ಉದಾಹರಣೆ ಕೊಟ್ಟೆ. 2023ರ ಸ್ಯಾಫ್ ಚಾಂಪಿಯನ್‌ಷಿಪ್ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಸೆಮಿಫೈನಲ್‌ನಲ್ಲಿ ಭಾರತ–ಲೆಬನಾನ್ ಗೋಲಿಲ್ಲದೆ ಸಮನಾದವು. ಶೂಟೌಟ್‌ನಲ್ಲಿ ಲೆಬನಾನ್‌ನ ಮೊದಲ ಒದೆತವನ್ನೇ ಗುರ್‌ಪ್ರೀತ್ ಸಿಂಗ್ ಸಂಧು ತಡೆದರು, ಭಾರತ 4–2ರಿಂದ ಗೆದ್ದಿತು. ಜುಲೈ 4ರ ಫೈನಲ್‌ನಲ್ಲಿ ಕುವೈತ್ ಜೊತೆ 1–1. ಐದೈದು ಒದೆತಗಳ ನಂತರವೂ 4–4. ಆರನೆಯದನ್ನು ಮಹೇಶ್ ಸಿಂಗ್ ಗೋಲಾಗಿಸಿದರು. ಕುವೈತ್‌ನ ಆರನೆಯದನ್ನು ಗುರ್‌ಪ್ರೀತ್ ಹಾರಿ ತಡೆದರು. ಕಪ್ ಭಾರತದ್ದಾಯಿತು. ಅದೇ ಪಂದ್ಯದ ಆಟದ ಅವಧಿಯಲ್ಲಿ ಅವರು ಒಂದು ಗೋಲು ಬಿಟ್ಟಿದ್ದರು, ಶೂಟೌಟ್‌ನಲ್ಲಿ ನಾಲ್ಕು ಒದೆತಗಳು ಅವರನ್ನು ದಾಟಿದ್ದವು ಎಂಬುದನ್ನು ಮಕ್ಕಳ ಗಮನಕ್ಕೆ ತಂದೆ.

ಚರ್ಚೆ: ಒಂದು ತಪ್ಪು

ಕೊನೆಗೆ ಎದುರು ಉದಾಹರಣೆ. 2002ರ ವಿಶ್ವಕಪ್‌ನಲ್ಲಿ ಜರ್ಮನಿ ಫೈನಲ್‌ಗೆ ಬಂದಾಗ ಆರು ಪಂದ್ಯಗಳಲ್ಲಿ ಬಿಟ್ಟದ್ದು ಒಂದೇ ಗೋಲು. ನಾಕೌಟ್ ಹಂತದ ಮೂರೂ ಪಂದ್ಯಗಳನ್ನು ಅದು 1–0ರಿಂದ ಗೆದ್ದಿತ್ತು. ಕೀಪರ್ ಆಲಿವರ್ ಕಾನ್. ಯೊಕೊಹಾಮಾದ ಫೈನಲ್‌ನಲ್ಲಿ ಬ್ರೆಜಿಲ್‌ನ ರಿವಾಲ್ಡೊ ಒದ್ದ ಚೆಂಡು ಕಾನ್ ಕೈಯಿಂದ ಜಾರಿತು. ರೊನಾಲ್ಡೊ ಗೋಲು ಹೊಡೆದರು. ಬ್ರೆಜಿಲ್ 2–0ರಿಂದ ಗೆದ್ದಿತು. ಆ ವಿಶ್ವಕಪ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಚಿನ್ನದ ಚೆಂಡು ಕಾನ್ ಅವರಿಗೇ ಸಂದಿತು.

‘ಜರ್ಮನಿ ಸೋತದ್ದು ಕಾನ್‌ರಿಂದಲೋ, ಫೈನಲ್‌ವರೆಗೆ ಬಂದದ್ದು ಕಾನ್‌ರಿಂದಲೋ?’ ಎಂದು ಕೇಳಿದೆ. ‘ಎರಡೂ’ ಎಂದು ಕೆಲವರು. ‘ಜರ್ಮನಿಯವರು ಒಂದೂ ಗೋಲು ಹೊಡೀಲಿಲ್ಲವಲ್ಲ’ ಎಂದು ಒಬ್ಬ. ಮುನ್ಪಡೆಯವನು ಹತ್ತು ಸಲ ಗುರಿ ತಪ್ಪಿ ಒಮ್ಮೆ ಹೊಡೆದರೆ ಹೀರೊ. ಕೀಪರ್ ಹತ್ತು ಸಲ ತಡೆದು ಒಮ್ಮೆ ಬಿಟ್ಟರೆ ಅಪರಾಧಿ. ಈ ಅಳತೆಗೋಲು ಸರಿಯೇ ಎಂಬ ಪ್ರಶ್ನೆಗೆ ಯಾರೂ ಒಡನೆ ಉತ್ತರಿಸಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಮೌಲ್ಯಮಾಪನ

1. ಚೆಂಡು ಗೋಲಿನ ನಡುವೆ 12 ಮೀ. ದೂರದಲ್ಲಿದೆ. ಕಾಯಬೇಕಾದ ಅಗಲ 1.83 ಮೀ. ಆಗಬೇಕಾದರೆ ಕೀಪರ್ ಗೋಲು ಗೆರೆಯಿಂದ ಎಷ್ಟು ಮುಂದೆ ಬರಬೇಕು? (ಉತ್ತರ: 9 ಮೀ.)
2. ಪೆನಾಲ್ಟಿಯ ಚೆಂಡು ಸೆಕೆಂಡಿಗೆ 20 ಮೀ. ವೇಗದಲ್ಲಿ ಹೋದರೆ ಗೆರೆ ತಲುಪಲು ಎಷ್ಟು ಕಾಲ? (ಉತ್ತರ: 0.55 ಸೆಕೆಂಡ್)
3. ‘ಕಡಿಮೆ ಗೋಲು ಬಿಟ್ಟವನೇ ಉತ್ತಮ ಕೀಪರ್.’ ಈ ಹೇಳಿಕೆಯನ್ನು ಒಪ್ಪುವಿರಾ? ಎರಡು ಕಾರಣ ಕೊಡಿ.

ಗೃಹಪಾಠ: ಚೆಂಡು ಗೋಲಿನ ನಡುವೆ ಇರದೆ ಒಂದು ಪಕ್ಕಕ್ಕಿದ್ದರೆ ತ್ರಿಭುಜ ಹೇಗೆ ಬದಲಾಗುತ್ತದೆ? ಚಿತ್ರ ಬರೆದು, ಕೀಪರ್ ಎಲ್ಲಿ ನಿಲ್ಲಬೇಕೆಂದು ಗುರುತಿಸಿ.

ಸ್ವಾವಲೋಕನ

ಸಮಯ ಸಾಲಲಿಲ್ಲ, ಪೆನಾಲ್ಟಿಯ ಲೆಕ್ಕವನ್ನು ಅವಸರದಲ್ಲಿ ಮುಗಿಸಿದೆ. ಮೂರು ಅವಧಿಗಳಿದ್ದರೆ ಒಳಿತು. ಹಗ್ಗ ಹಿಡಿದವರಿಗೆ ಲೆಕ್ಕ ಬರೆಯಲು ಅವಕಾಶವಾಗಲಿಲ್ಲ; ಗುಂಪುಗಳನ್ನು ಸರದಿಯಲ್ಲಿ ಬದಲಿಸಬೇಕಿತ್ತು. ಎತ್ತರದ ಪ್ರಶ್ನೆಯನ್ನು ಈಗ ಯೋಜನೆಯಲ್ಲೇ ಸೇರಿಸಿದ್ದೇನೆ. ಆದರೆ ಶಿಕ್ಷಕರು ಅದನ್ನು ತಾವೇ ಹೇಳಿಬಿಡದೆ, ಮಕ್ಕಳಿಂದ ಬರುವವರೆಗೆ ಕಾಯುವುದು ಮೇಲು.

ನಂತರದ ಆಟದ ಅವಧಿಯಲ್ಲಿ ಗೋಲಿಗೆ ಯಾರನ್ನೂ ನಾನು ಹೆಸರಿಸಲಿಲ್ಲ. ‘ಯಾರು ನಿಲ್ತೀರಿ?’ ಎಂದು ಕೇಳಿದೆ. ನಾಲ್ಕು ಕೈ ಎದ್ದವು. ಆ ಹುಡುಗನ ಕೈ ಅದರಲ್ಲಿತ್ತು. ಅಂದು ಅವನು ಎರಡು ಗೋಲು ಬಿಟ್ಟ. ಒಂದು ಸಲ ಗೆರೆ ಬಿಟ್ಟು ಓಡಿಬಂದು, ಒಂಟಿಯಾಗಿ ನುಗ್ಗಿದವನ ಕಾಲಿನಿಂದಲೇ ಚೆಂಡನ್ನು ಹಿಡಿದ. ಅವನ ತಂಡ ಸೋತಿತು. ಈ ಸಲ ಯಾರೂ ಅವನ ಮೇಲೆ ರೇಗಲಿಲ್ಲ.